ಕಣ್ಣಿಗೊತ್ತಿಕೊಂಡ ಚೆಂಡು

ಕಾರಿನ ಹಿಂಬಾಗಿಲು ಎತ್ತಿದರೆ ರಬ್ಬರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹೊಸ ಬ್ಯಾಸ್ಕೆಟ್‌ಬಾಲಿನದು. ಮಗಳಿಗೆ ಕೊಡಿಸಿ ಇನ್ನೂ ಮೂರು ವಾರವಾಗಿಲ್ಲ. ಅದರ ಪಕ್ಕದಲ್ಲೇ ಇಲ್ಲಿ ಇಂಗ್ಲೆಂಡಿನ ಟಿವಿಡೇಲ್ ಊರಿನ ಬಾಲಾಜಿ ಗುಡಿಯಿಂದ ತಂದ ಪುಳಿಯೋಗರೆಯ ಡಬ್ಬಿಯೂ ಇದ್ದುದರಿಂದ ರಬ್ಬರಿಗೆ ಒಗ್ಗರಣೆ ಹಾಕಿದ ಹಾಗಿತ್ತು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಚೆಂಡು ಹಿಡಿದು ನಿಂತಿದ್ದಾಗ ಜೇಬಿನಲ್ಲಿದ್ದ ಫೋನು ಗುಂಯ್ ಎಂದಿತು. ಎರಡೂ ಕೆಳಗಿಟ್ಟು ನೋಡಿದರೆ ಮಗಳ ಕೋಚ್ ಕಳಿಸಿದ ಸಂದೇಶ.

ಒಳ್ಳೆಯ ಹುಡುಗ ಅವನು, ಬರೆದಿದ್ದೂ ಮರ್ಯಾದೆಯಿಂದಲೇ. ತನ್ವಿ ಚೆನ್ನಾಗಿ ಆಡುತ್ತಿದ್ದಾಳಂತೆ, ತಂಡದಲ್ಲಿ ಎಲ್ಲರಿಗೂ ಅಚ್ಚುಮೆಚ್ಚಂತೆ. ಆದರೆ ಚೆಂಡು ಕಾಲಿಗೆ ತಾಗಿದಾಗಲೆಲ್ಲ ಅವಳು ಬಗ್ಗಿ ಅದನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳಂತೆ. ಅಷ್ಟರಲ್ಲಿ ಎದುರಿನವರು ಚೆಂಡು ಕಸಿದುಕೊಂಡು ಹೋಗಿಬಿಡುತ್ತಾರಂತೆ. ಮನೆಯಲ್ಲಿ ಒಂದು ಮಾತು ಹೇಳಿ ಈ ಅಭ್ಯಾಸ ಬಿಡಿಸುತ್ತೀರಾ ಎಂದು ಕೇಳಿ, ಕೊನೆಗೊಂದು ನಗುವ ಮುಖವನ್ನೂ ಅಂಟಿಸಿದ್ದ.

ಇದನ್ನು ನಾನು ಅವಳಿಗೆ ಕಲಿಸಿದ್ದು ಪುಸ್ತಕಕ್ಕೆ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೋ ಎಂದು ಮೂರನೆಯ ವಯಸ್ಸಿನಲ್ಲಿ ಹೇಳಿದ್ದೆ. ಚೆಂಡಿನ ವಿಷಯ ಎತ್ತಿಯೇ ಇರಲಿಲ್ಲ. ಅವಳೇ ಯೋಚಿಸಿ ಚೆಂಡಿಗೂ ಸೇರಿಸಿಕೊಂಡಿದ್ದಾಳೆ. ಓದಿದ ತಕ್ಷಣ ನನ್ನ ಹೆಬ್ಬೆರಳು ತಾನೇ ತಾನಾಗಿ 'ಸಾರಿ' ಎಂದು ಬರೆಯಲು ಶುರುಮಾಡಿತು. ನನ್ನ ಹೆಬ್ಬೆರಳಿನ ಸ್ವಭಾವವೇ ಹಾಗೆ. ಆದರೆ ಎರಡು ಅಕ್ಷರ ಬರೆದು ನಿಂತೆ. ರುಬೀನಾ ನೆನಪಾದಳು.

ರುಬೀನಾ ಯಾರು ಎಂದು ಹೇಳುವ ಮೊದಲು ನಾನು ಎಂಥವಳಾಗಿದ್ದೆ ಎಂದು ಹೇಳಬೇಕು. ಇಲ್ಲದಿದ್ದರೆ ಮುಂದಿನದು ನಿಮಗೆ ದೊಡ್ಡ ವಿಷಯ ಅನ್ನಿಸುವುದಿಲ್ಲ. ಹನ್ನೆರಡು ವರ್ಷದ ಹಿಂದೆ ಮೈಸೂರಿನಿಂದ ಮ್ಯಾಂಚೆಸ್ಟರಿಗೆ ಎಂ.ಎಸ್ಸಿ. ಓದಲು ಬಂದಾಗ ನನ್ನ ಬಾಯಲ್ಲಿ 'ಇಲ್ಲ' ಎಂಬ ಮಾತೇ ಇರಲಿಲ್ಲ. ಫಾಲೋಫೀಲ್ಡಿನ ಬಾಡಿಗೆ ಮನೆಯಲ್ಲಿ ಐದು ಜನ ಹುಡುಗಿಯರಿದ್ದೆವು. ಅಡುಗೆಮನೆ ತೊಳೆಯುವ ಸರದಿ ಪಟ್ಟಿ ರೋಟಾದಲ್ಲಿ ನನ್ನ ಹೆಸರು ವಾರಕ್ಕೆ ಮೂರು ಸಲ ಬರುತ್ತಿತ್ತು. ಏಕೆಂದರೆ ಉಳಿದವರು ಕೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಸಂಘಗಳವರು ಮೇಜು ಹಾಕಿ ಕೂತಿದ್ದ ದಿನ, ಕರೆದವರಿಗೆಲ್ಲ ಹೂಂ ಅಂದು ದೋಣಿ ನಡೆಸುವ ಸಂಘಕ್ಕೂ ಚೀಸ್ ರುಚಿ ನೋಡುವ ಸಂಘಕ್ಕೂ ಹೆಸರು ಕೊಟ್ಟು ಬಂದೆ. ನನಗೆ ಈಜು ಬರುವುದಿಲ್ಲ, ಚೀಸ್ ವಾಸನೆಗೆ ತಲೆ ತಿರುಗುತ್ತದೆ.

ಬ್ಯಾಸ್ಕೆಟ್‌ಬಾಲಿಗೆ ಸೇರಿದ್ದೂ ಹಾಗೆಯೇ. ನಾನು ಐದಡಿ ಒಂಬತ್ತು ಇಂಚು. ಆ ಎತ್ತರವನ್ನು ನೋಡಿ ಮೋಸ ಹೋದವರಲ್ಲಿ ಮಹಿಳಾ ತಂಡದ ಕೋಚ್ ಹೆಲೆನ್ ಮೊದಲಿಗಳು. ಲೀಡ್ಸ್ ಊರಿನ ಹೆಂಗಸು, ವಿಶ್ವವಿದ್ಯಾಲಯದ ಹಾಸ್ಟೆಲ್ ಕಚೇರಿಯಲ್ಲಿ ಕೆಲಸ, ಸಂಜೆ ನಮಗೆ ತರಬೇತಿ. ಎರಡೇ ವಾರದಲ್ಲಿ ಅವಳಿಗೆ ಸತ್ಯ ತಿಳಿಯಿತು. ಆದರೂ ಪಾಪ, ಹೊರಗೆ ಹಾಕಲಿಲ್ಲ. ಬೆಂಚಿನ ಕೊನೆಯಲ್ಲಿ ಒಂದು ಜಾಗ ಕೊಟ್ಟಳು. ಆ ಇಡೀ ವರ್ಷದಲ್ಲಿ ನಾನು ಅಂಗಳದಲ್ಲಿ ಆಡಿದ್ದು ಒಟ್ಟು ನಾಲ್ಕು ನಿಮಿಷ. ಮನೆಗೆ ಮಾತ್ರ ಜೆರ್ಸಿ ತೊಟ್ಟ ಫೋಟೋ ಕಳಿಸಿದ್ದೆ. ಅಪ್ಪ ಅದನ್ನು ಬ್ಯಾಂಕಿನ ಸಹೋದ್ಯೋಗಿಗಳಿಗೆಲ್ಲ ತೋರಿಸಿ, ಮಗಳು ಇಂಗ್ಲೆಂಡಿನಲ್ಲಿ ಆಟಗಾರ್ತಿ ಎಂದು ಹೇಳಿಕೊಂಡಿದ್ದರು.

ಅದೇ ತಂಡದಲ್ಲಿದ್ದ ರುಬೀನಾ ನಿಜವಾದ ಆಟಗಾರ್ತಿ. ಹುಬ್ಬಳ್ಳಿಯವಳು, ಅವಳ ತಂದೆಗೆ ಅಲ್ಲೊಂದು ಸ್ಕೂಟರ್ ಗ್ಯಾರೇಜು. ನನ್ನ ಭುಜದವರೆಗೂ ಬರುತ್ತಿರಲಿಲ್ಲ, ಆದರೆ ಚೆಂಡು ಕೈಗೆ ಬಂದರೆ ಎದುರಿನವರ ತೋಳಿನ ಅಡಿಯಿಂದ ನುಗ್ಗಿ ಬುಟ್ಟಿಯ ಹತ್ತಿರ ಏಳುತ್ತಿದ್ದಳು. ಮೊದಲು ನೋಡಿದ್ದು ವಿಲ್ಮ್‌ಸ್ಲೋ ರಸ್ತೆಯ ಬಸ್ ಸ್ಟಾಪಿನಲ್ಲಿ. ಫೋನಿನಲ್ಲಿ ಯಾರನ್ನೋ ಕನ್ನಡದಲ್ಲಿ ಬೈಯುತ್ತಿದ್ದಳು. ಅಷ್ಟು ಸೊಗಸಾದ ಬೈಗುಳ ಕೇಳಿ ಎರಡು ತಿಂಗಳಾಗಿತ್ತು, ನನ್ನ ಕಣ್ಣಲ್ಲಿ ನೀರೇ ಬಂತು. ಫೋನಿಟ್ಟ ಮೇಲೆ ಹೋಗಿ, "ನೀವು ಕನ್ನಡಾನಾ?" ಅಂದೆ.

"ಮತ್ತೇನ್ ಫ್ರೆಂಚ್ ಅಂತ ತಿಳ್ಕೊಂಡಿರೇನ್ರಿ?" ಅಂದಳು. ಊರು ಕೇಳಿ, ಅವತ್ತಿನಿಂದ ನನ್ನನ್ನು 'ಮೈಸೂರು' ಎಂದೇ ಕರೆದಳು. ನನ್ನ ಹೆಸರು ಅವಳಿಗೆ ಕೊನೆಯವರೆಗೂ ಬೇಕಾಗಲಿಲ್ಲ.

ಒಂದು ದಿನ ಅಭ್ಯಾಸ ಮುಗಿಸಿ ಬಸ್ಸಿಗೆ ಕಾಯುವಾಗ ಅವಳು ಹೇಳಿದ ಕಥೆ ಇದು. ಅವಳ ಕಾಲೇಜು ತಂಡ ಊರಿನ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಫೈನಲ್ ತಲುಪಿತ್ತು. ಅರ್ಧ ಆಟವಾಗಿತ್ತು. ಅಷ್ಟರಲ್ಲಿ ಬಹುಮಾನ ಕೊಡಬೇಕಿದ್ದ ಮುಖ್ಯ ಅತಿಥಿಗಳು ಬಂದರು. ಅವರಿಗೆ ಮತ್ತೊಂದು ಕಾರ್ಯಕ್ರಮಕ್ಕೆ ಹೋಗುವ ಅವಸರ. ಗಂಡುಮಕ್ಕಳ ಫೈನಲ್ ಬೆಳಿಗ್ಗೆಯೇ ಮುಗಿದಿತ್ತು. ಹೆಣ್ಣುಮಕ್ಕಳದ್ದು ತಾನೇ ಎಂದು ಆಟ ನಿಲ್ಲಿಸಿ, ಇಬ್ಬರು ಕ್ಯಾಪ್ಟನ್ನುಗಳನ್ನು ಕರೆದು ಟಾಸ್ ಹಾಕಿ ಗೆದ್ದವರನ್ನು ತೀರ್ಮಾನಿಸಿದರು. ಬಹುಮಾನ ಕೊಡಲು ಅಂಗಳದ ನಡುವೆ ಶಾಮಿಯಾನದ ಕುರ್ಚಿ ತಂದು ಹಾಕಿದರು.

"ಟಾಸ್ ಯಾರು ಗೆದ್ರು?" ಎಂದು ಕೇಳಿದೆ.

"ನಾವ! ಅದ ನೋಡ ಸಂಕಟ. ಸೋತಿದ್ರ ಜಗಳಾನರ ಮಾಡಬಹುದಿತ್ತು. ಆ ಕಪ್ಪಿನಾಗ ಈಗ ನಮ್ಮ ಅಮ್ಮಿ ಚಮಚ ಇಡ್ತಾಳ." ಬಸ್ಸು ಬರುವ ದಾರಿ ನೋಡುತ್ತ ಹೇಳಿದಳು, "ನನಗ ಒಂದ ಫೈನಲ್ ಪೂರಾ ಆಡಬೇಕಾಗೈತಿ ಮೈಸೂರ. ಕಡೀ ಸೀಟಿ ಊದೂ ತನಾ ಅಂಗಳದಾಗ ನಿಂತಿರಬೇಕು. ಗೆಲ್ಲೂದು ಸೋಲೂದು ಆಮ್ಯಾಲೆ."

ಅವಳದ್ದೂ ನನ್ನ ಹಾಗೆ ಒಂದೇ ವರ್ಷದ ಕೋರ್ಸು. ಮುಗಿದರೆ ವಾಪಸು ಊರು. ಹಾಗಾಗಿ ಅವಳಿಗಿದ್ದದ್ದು ಒಂದೇ ಅವಕಾಶ, ಆ ಮಾರ್ಚಿನಲ್ಲಿ ಲೀಡ್ಸಿನಲ್ಲಿ ನಡೆದ ನಮ್ಮ ವಲಯದ ಕಾಲೇಜು ಮಹಿಳೆಯರ ಕಾನ್ಫರೆನ್ಸ್ ಚಾಂಪಿಯನ್‌ಶಿಪ್. ಶನಿವಾರ ಸೆಮಿಫೈನಲ್, ಭಾನುವಾರ ಫೈನಲ್. ಗಾಯ, ಪರೀಕ್ಷೆ ಎಂದು ಕೆಲವರು ಉಳಿದುಕೊಂಡಿದ್ದರಿಂದ, ನನ್ನನ್ನೂ ಲೆಕ್ಕಕ್ಕೆ ಹಿಡಿದರೆ ಒಂಬತ್ತು ಜನ ಒಂದು ಮಿನಿಬಸ್ಸಿನಲ್ಲಿ ಹೊರಟೆವು. ಹೆಲೆನ್ನೇ ಡ್ರೈವರು. ಬೆಟ್ಟದ ಮೇಲಿನ ಹೆದ್ದಾರಿಯಲ್ಲಿ ಆಲಿಕಲ್ಲು ಬಿದ್ದು ಹಿಂದೆ ಕೂತವರೆಲ್ಲ ಕೂಗಿಕೊಂಡರು. ರುಬೀನಾ ಮಾತ್ರ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡಿದಳು.

ಸೆಮಿಫೈನಲ್‌ನಲ್ಲಿ ಕೊನೆಯ ನಿಮಿಷದವರೆಗೂ ನಾವು ಎರಡು ಪಾಯಿಂಟ್ ಮುಂದಿದ್ದೆವು. ಚೆಂಡು ಎದುರಿನ ಹುಡುಗಿಯ ಕೈಯಿಂದ ಜಾರಿ, ರುಬೀನಾಳ ಬೂಟಿಗೆ ಬಡಿದು, ಅವಳ ಮುಂದೆಯೇ ನಿಂತಿತು. ಬೇಕೆಂದೇ ಒದ್ದರೆ ತಪ್ಪು, ತಾನಾಗಿ ತಾಗಿದರೆ ಏನೂ ಇಲ್ಲ. ರೆಫರಿ ಸೀಟಿ ಊದಲಿಲ್ಲ. ಎತ್ತಿಕೊಂಡು ಓಡಿದ್ದರೆ ಆಟ ಅಲ್ಲಿಗೆ ನಮ್ಮದು. ರುಬೀನಾ ಬಗ್ಗಿದಳು. ಎತ್ತಿಕೊಳ್ಳಲಿಲ್ಲ. ಬಲಗೈ ಬೆರಳಿನಿಂದ ಚೆಂಡನ್ನು ಮುಟ್ಟಿ, ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು. ಕಣ್ಣು ಬಿಡುವಷ್ಟರಲ್ಲಿ ಚೆಂಡು ಇರಲಿಲ್ಲ. ಆ ಹುಡುಗಿ ಅದನ್ನೆತ್ತಿಕೊಂಡು ಹೋಗಿ ಬುಟ್ಟಿಗೆ ಹಾಕಿ ಸಮ ಮಾಡಿಬಿಟ್ಟಿದ್ದಳು.

ಇಡೀ ಹಾಲಿನಲ್ಲಿ ಆಗ ಏನಾಯಿತೆಂದು ಅರ್ಥವಾದದ್ದು ನನಗೊಬ್ಬಳಿಗೇ. ಅಭ್ಯಾಸದ ಹೊತ್ತಿನಲ್ಲೂ ಇದನ್ನು ಗಮನಿಸಿರದ ಉಳಿದವರು ಅವಳ ಕಣ್ಣಿಗೆ ಕಸ ಬಿದ್ದಿತೆಂದುಕೊಂಡರು. ಐದು ನಿಮಿಷ ಹೆಚ್ಚುವರಿ ಆಟ ಆಡಿಸಿ, ಮೂರು ಪಾಯಿಂಟಿನಿಂದ ಹೇಗೋ ಗೆದ್ದೆವು, ಅದೂ ರುಬೀನಾಳಿಂದಲೇ. ಆದರೆ ಹೆಲೆನ್ ಮುಖ ಕೆಂಪಗಿತ್ತು. ಏನದು ಎಂದು ಕೇಳಿದಳು. ರುಬೀನಾ ಇದ್ದದ್ದು ಇದ್ದಂತೆ ಹೇಳಿದಳು. ಧರ್ಮದ ವಿಷಯವೇ ಎಂದು ಹೆಲೆನ್ ಹುಷಾರಾಗಿ ವಿಚಾರಿಸಿದಳು. ಇಲ್ಲಿನ ಕಚೇರಿಗಳಲ್ಲಿ ಆ ಒಂದು ಪ್ರಶ್ನೆಗೆ ಎಲ್ಲರೂ ದನಿ ತಗ್ಗಿಸುತ್ತಾರೆ. ಹೌದು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ರುಬೀನಾ ಇಲ್ಲ ಅಂದಳು. ಮರ್ಯಾದೆಯ ವಿಷಯ ಅಂದಳು. ಹಾಗಿದ್ದರೆ ನಾಳೆ ಅದನ್ನು ಬಿಡು ಎಂದು ಹೆಲೆನ್. ಬಿಡುವುದಿಲ್ಲ ಎಂದು ಇವಳು.

ಹೆಲೆನ್ ನನ್ನನ್ನು ಪಕ್ಕಕ್ಕೆ ಕರೆದಳು. "ನೀನೇ ಮಾತಾಡು, ಲವ್. ನಿನಗೆ ತಿಳಿವಳಿಕೆ ಇದೆ," ಅಂದಳು. ಅವಳ ಊರಿನವರು ಯಾರನ್ನಾದರೂ ಅಕ್ಕರೆಗೆ 'ಲವ್' ಎಂದೇ ಕರೆಯುತ್ತಾರೆ. ನಾಳೆ ಒಂದು ಸಲ ಹಾಗೆ ಮಾಡಿದರೂ ಹೊರಗೆ ಕೂರಿಸುತ್ತೇನೆ, ಅದನ್ನೂ ಹೇಳು ಅಂದಳು. ನಾನು ಹೂಂ ಅಂದೆ. ತಿಳಿವಳಿಕೆ ಇದೆ ಅಂದದ್ದು ಒಳಗೊಳಗೇ ಹಿತವಾಯಿತೆಂಬುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಹಾಲಿನ ಹಿಂದೆ ಕಾರು ನಿಲ್ಲಿಸುವ ಜಾಗ. ಸಂಜೆ ಐದು ಗಂಟೆ, ಚಳಿಗಾಳಿ. ಗೋಡೆಯ ಮರೆಯಲ್ಲಿ ಕೂತು ಇಬ್ಬರೂ ಚಪಾತಿಯಲ್ಲಿ ಅವಳ ಅಮ್ಮಿ ಕಳಿಸಿದ್ದ ಶೇಂಗಾ ಚಟ್ನಿಪುಡಿ ಸುತ್ತಿ ತಿನ್ನುತ್ತಿದ್ದೆವು. ನಾನು ನಯವಾಗಿ ಶುರುಮಾಡಿದೆ.

"ಒಂದೇ ಒಂದು ದಿನ ಕಣೇ. ನಾಳೆ ಒಂದಿನ ಬಿಟ್ಟುಬಿಡು. ಆಮೇಲೆ ಬೇಕಾದ್ರೆ ದಿನಾ ಚೆಂಡಿಗೆ ಪೂಜೆ ಮಾಡು."

"ಪೂಜಾ ಯಾರ ಮಾಡಾಕತ್ತಾರ? ಕಾಲ ಬಡೀತು, ತಪ್ಪಾತು ಅಂದೆ. ಅಷ್ಟ."

"ಚೆಂಡಿಗೆ ಏನೇ ಗೊತ್ತಾಗುತ್ತೆ?"

"ಪುಸ್ತಕಕ್ಕೇನ್ ಗೊತ್ತಾಗತೈತಿ? ನಮ್ಮ ಅಬ್ಬಾ ಗ್ಯಾರೇಜಿನಾಗ ಸ್ಪಾನರಿಗೆ ಕಾಲ ತಾಗಿದ್ರೂ ಕಣ್ಣಿಗೊತ್ಕೊಂತಾರ. ಸ್ಪಾನರ್ ಅನ್ನ ಹಾಕೈತಿ ಅಂತಾರ. ನನಗ ಈ ಚೆಂಡು ಹಾಕೈತಿ. ಪಿಯುಸಿ ಸೀಟು, ಎಂಜಿನಿಯರಿಂಗ್ ಸೀಟು, ಹಾಸ್ಟೆಲ್ ಊಟ, ಎಲ್ಲಾ ಇದರಿಂದ ಬಂದದ್ದು. ಒದ್ದು ಸುಮ್ನ ಹೋಗಲೇನು?"

"ಹಾಗಲ್ಲ. ಹೆಲೆನ್ ನಿನ್ನ ಹೊರಗೆ ಕೂರಿಸ್ತಾಳೆ. ಕೊನೇ ಸೀಟಿವರೆಗೂ ಅಂಗಳದಲ್ಲಿ ಇರಬೇಕು ಅಂತಿದ್ದವಳು ನೀನೇ ತಾನೆ?"

ಅದು ತಾಗಿತು. ಅವಳು ಚಪಾತಿ ತಿನ್ನುವುದು ನಿಲ್ಲಿಸಿದಳು. ಗೆದ್ದೆ ಎಂದುಕೊಂಡೆ. ಆಗ ಅವಳು ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು.

"ಮೈಸೂರ, ಹೋದ ತಿಂಗಳ ಲೈಬ್ರರಿನಾಗ ನಿನ್ನ ಕಾಲ ಮ್ಯಾಲೆ ಪುಸ್ತಕ ಬಿತ್ತಲ್ಲ. ನಾ ಹಿಂದ ಇದ್ದೆ. ನೀ ಆಕಡೆ ಈಕಡೆ ನೋಡಿದಿ. ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಕೂದಲ ಸರಿ ಮಾಡ್ಕೊಂಡಂಗ ಮಾಡಿ ಕಣ್ಣಿಗೊತ್ಕೊಂಡಿ. ಕಳವು ಮಾಡಿದೇನ ನೀ?"

ಅವಳು ಕಂಡದ್ದು ನಿಜ. ಹೀಥ್ರೂನಲ್ಲಿ ಇಳಿದಾಗಿನಿಂದ ನಾನು ಅದನ್ನು ಕದ್ದೇ ಮಾಡುತ್ತಿದ್ದೆ. ಬಿಡಲು ಮನಸ್ಸು ಒಪ್ಪುತ್ತಿರಲಿಲ್ಲ, ಜನರೆದುರು ಮಾಡಲು ಮುಜುಗರ. ಕೂದಲು, ಕನ್ನಡಕ, ಹುಬ್ಬು, ಹೀಗೆ ಏನೋ ಒಂದು ನೆಪ. ಯಾರೂ ನನ್ನನ್ನು ಕೇಳಿರಲಿಲ್ಲ, ಯಾರೂ ನಕ್ಕಿರಲಿಲ್ಲ. ಯಾರೂ ಕೇಳುವ ಮೊದಲೇ ನಾನು ಮುಚ್ಚಿಟ್ಟುಕೊಂಡಿದ್ದೆ. ನೋಡಿ, ಈ ದೇಶದವರು ಬಾಗಿಲಿಗೆ ಭುಜ ತಾಗಿದರೆ ಬಾಗಿಲಿಗೇ ಸಾರಿ ಅನ್ನುವವರು. ಅದನ್ನು ನಾನೇ ಎಷ್ಟೋ ಸಲ ಕಿವಿಯಾರೆ ಕೇಳಿದ್ದೇನೆ. ಇಲ್ಲಿನ ಫುಟ್‌ಬಾಲ್ ಆಟಗಾರರು ಹುಲ್ಲು ಮುಟ್ಟಿ ಎದೆ ಮುಟ್ಟಿಕೊಂಡು ಅಂಗಳಕ್ಕೆ ಇಳಿಯುತ್ತಾರೆ. ಅದು ಯಾರಿಗೂ ವಿಚಿತ್ರವಲ್ಲ. ನಾವು ಪುಸ್ತಕಕ್ಕೋ ಚೆಂಡಿಗೋ ತಪ್ಪಾಯಿತು ಅಂದರೆ ಮಾತ್ರ ಯಾಕೆ ಕೂದಲು ಸರಿಮಾಡಿಕೊಳ್ಳಬೇಕು? ಈ ವಾದ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ಸುಮ್ಮನೆ ತಲೆತಗ್ಗಿಸಿ ಚಪಾತಿ ತಿಂದೆ.

ರುಬೀನಾ ಕೈ ಕೊಡವಿ ಎದ್ದಳು. "ಬಿಡೂದಂತೂ ಇಲ್ಲ. ಬೇಕಾದ್ರ ಇನ್ನೂ ಜಲ್ದಿ ಮಾಡೋಣು. ಏಳ," ಅಂದಳು.

ಆಮೇಲೆ ಒಂದು ಗಂಟೆ ನಾವು ಮಾಡಿದ್ದನ್ನು ಯಾರಾದರೂ ನೋಡಿದ್ದರೆ ಹುಚ್ಚೆಂದುಕೊಳ್ಳುತ್ತಿದ್ದರು. ನಾನು ಚೆಂಡನ್ನು ಅವಳ ಬೂಟಿಗೆ ಗುರಿಯಿಟ್ಟು ಉರುಳಿಸಬೇಕು. ತಾಗಿದ ಕೂಡಲೇ ಅವಳು ಎಡಗೈಯಲ್ಲಿ ಅದನ್ನು ನೆಲದಿಂದ ಪುಟಿಸಿಕೊಂಡು, ಬಲಗೈಯನ್ನು ಚೆಂಡಿಗೆ ಸವರಿ ಕಣ್ಣಿಗೆ ಮುಟ್ಟಿಸಬೇಕು. ಕಾಲು ನಿಲ್ಲಬಾರದು. ಮೊದಲ ಹತ್ತು ಸಲ ಚೆಂಡು ಕಾರುಗಳ ಅಡಿಗೆ ಹೋಯಿತು. ಮಲಗಿ ಎಳೆದು ತರುವ ಕೆಲಸ ಉದ್ದ ಕೈಯವಳಾದ ನನ್ನದು. ಆಮೇಲಾಮೇಲೆ ಅವಳ ಕೈಗಳಿಗೆ ಹದ ಸಿಕ್ಕಿತು. ಕತ್ತಲಾಗುವ ಹೊತ್ತಿಗೆ ಅವಳು ಓಡುತ್ತಲೇ ಕ್ಷಮೆ ಕೇಳುವುದನ್ನು ಕಲಿತಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಭಾನುವಾರ ಆಟಕ್ಕೆ ಮುಂಚೆ ಎಲ್ಲರೂ ಸುತ್ತ ನಿಂತಾಗ ಹೆಲೆನ್ ನೇರವಾಗಿ ಕೇಳಿದಳು, ಮಾತು ಕೊಡುತ್ತೀಯಾ ಎಂದು. ರುಬೀನಾ ತಲೆ ಅಲ್ಲಾಡಿಸಿದಳು. "ಸುಳ್ಳು ಮಾತು ಕೊಡಲಾರೆ, ಕೋಚ್," ಅಂದಳು. ಹಾಗಾದರೆ ಮೊದಲ ಸಲಕ್ಕೇ ಹೊರಗೆ ಎಂದು ಹೆಲೆನ್ ಎಲ್ಲರೆದುರು ಹೇಳಿದಳು. ಅವಳದ್ದೂ ತಪ್ಪಲ್ಲ. ಇದು ಅವಳ ಊರು, ನಮ್ಮ ತಂಡ ಫೈನಲ್ ತಲುಪಿದ್ದು ಅವಳ ಕಾಲದಲ್ಲಿ ಇದೇ ಮೊದಲು, ಮೇಲೆ ಪ್ರೇಕ್ಷಕರ ಕುರ್ಚಿಯಲ್ಲಿ ಅವಳ ವಯಸ್ಸಾದ ತಾಯಿ ಫ್ಲಾಸ್ಕ್ ಹಿಡಿದು ಕೂತಿದ್ದರು.

ಮೂರು ಕ್ವಾರ್ಟರ್ ಮುಗಿಯುವವರೆಗೂ ಚೆಂಡು ಪುಣ್ಯಕ್ಕೆ ಯಾರ ಕಾಲಿಗೂ ಹೋಗಲಿಲ್ಲ. ನಾನು ಬೆಂಚಿನ ಮೇಲೆ ಕೂತು ಚೆಂಡನ್ನು ನೋಡುವುದು ಬಿಟ್ಟು ರುಬೀನಾಳ ಬೂಟನ್ನೇ ನೋಡುತ್ತಿದ್ದೆ. ಆಟ ಜೋರಾಗಿತ್ತು. ನಮ್ಮಲ್ಲಿ ಇಬ್ಬರು ಐದೈದು ಫೌಲ್ ಆಗಿ ಹೊರಬಿದ್ದರು, ಒಬ್ಬಳ ಪಾದ ಉಳುಕಿತು. ಕೊನೆಯ ಎರಡು ನಿಮಿಷಕ್ಕೆ ಬರುವಾಗ ಅಂಗಳದಲ್ಲಿ ಐದು ಜನ. ಬೆಂಚಿನಲ್ಲಿ ಆಡಬಲ್ಲವಳು ಎಂದರೆ ನಾನೊಬ್ಬಳೇ, ಆಡಬಲ್ಲವಳು ಎಂಬ ಮಾತನ್ನು ಸ್ವಲ್ಪ ಉದಾರವಾಗಿ ತೆಗೆದುಕೊಂಡರೆ. ನಾವು ಒಂದು ಪಾಯಿಂಟ್ ಹಿಂದೆ.

ಆಗ ಚೆಂಡು ಅವಳ ಬೂಟಿಗೆ ಬಡಿಯಿತು. ನಾನು ಎದ್ದೇ ನಿಂತೆ. ಎಡಗೈ ಚೆಂಡನ್ನೆತ್ತಿತು, ಬಲಗೈ ಸವರಿ ಕಣ್ಣಿಗೆ ಹೋಯಿತು, ಕಾಲು ನಿಲ್ಲಲೇ ಇಲ್ಲ. ಎದುರಿನ ಹುಡುಗಿ ಒಂದು ಹೆಜ್ಜೆ ತಡವಾಗಿ ಬಂದಳು. ರುಬೀನಾ ಅವಳ ತೋಳಿನಡಿಯಿಂದ ನುಗ್ಗಿ ಚೆಂಡನ್ನು ಬುಟ್ಟಿಗೆ ಹಾಕಿದಳು. ನಾವು ಒಂದು ಪಾಯಿಂಟ್ ಮುಂದೆ!

ಕಿರುಚಾಟ ಇನ್ನೂ ನಿಂತಿರಲಿಲ್ಲ, ಎದುರಿನವರು ಟೈಮ್‌ಔಟ್ ಕೇಳಿದರು. ಹೆಲೆನ್ ನನ್ನ ಕಡೆ ತಿರುಗಿದಳು. ಅವಳೂ ಆ ಬಲಗೈಯನ್ನು ನೋಡಿದ್ದಳು. ಎಲ್ಲರೆದುರು ಮಾತು ಆಡಿಬಿಟ್ಟಿದ್ದಳಲ್ಲ.

"ಜಾಕೆಟ್ ತೆಗಿ. ರುಬೀನಾಳ ಜಾಗಕ್ಕೆ ನೀನು," ಅಂದಳು.

ಸ್ವಾಮಿ, ಇಡೀ ವರ್ಷ ನಾನು ಕಾದದ್ದು ಆ ಮಾತಿಗೆ. ಫೈನಲ್, ಜನ ತುಂಬಿದ ಹಾಲ್, ಬ್ಯಾಂಕಿನಲ್ಲಿ ಅಪ್ಪ ತೋರಿಸುತ್ತಿದ್ದ ಫೋಟೋ ನಿಜವಾಗುವ ಗಳಿಗೆ. ರುಬೀನಾ ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳಲಿಲ್ಲ. ಅವಳ ಮುಖದಲ್ಲಿ ಇದ್ದದ್ದು ಹುಬ್ಬಳ್ಳಿಯ ಅಂಗಳದಲ್ಲಿ ಕುರ್ಚಿ ತಂದು ಹಾಕಿದಾಗ ಇದ್ದಿರಬಹುದಾದ ನೋಟ. ನಾನು ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡು ಕೂತುಬಿಟ್ಟೆ.

"ನೋ," ಅಂದೆ.

"ಏನಂದೆ?"

"ನಾನು ಹೋಗಲ್ಲ. ಅವಳೇ ಆಡಲಿ."

ಮಾತು ಹೊರಗೆ ಬಿದ್ದಾಗಿತ್ತು. ಈ ದೇಶದಲ್ಲಿ ನಾನು ಆಡಿದ ಮೊದಲ 'ನೋ' ಅದು. ಮೇಜಿನ ಹತ್ತಿರ ಕೂತಿದ್ದ ಅಧಿಕಾರಿ, ಆಟಗಾರ್ತಿ ಬದಲಾವಣೆ ಇದೆಯೇ ಎಂದು ಕೇಳಿದ. ನನ್ನನ್ನು ಬಿಟ್ಟರೆ ಹೆಲೆನ್‌ಗೆ ಬೇರೆ ಯಾರೂ ಇಲ್ಲ, ನಾಲ್ಕೇ ಜನರನ್ನು ಆಡಿಸುವಷ್ಟು ದಡ್ಡಿಯೂ ಅವಳಲ್ಲ. ಬದಲಾವಣೆ ಇಲ್ಲ ಎಂದು ಹೇಳಿ, ತೋಳು ಕಟ್ಟಿಕೊಂಡು ಅಂಗಳದ ಕಡೆ ತಿರುಗಿ ನಿಂತಳು.

ಈಗ ನಾವು ಗೆದ್ದೆವೆಂದು ಬರೆದರೆ ನಿಮಗೂ ಸಂತೋಷ, ನನಗೂ ಸಂತೋಷ. ಗೆಲ್ಲಲಿಲ್ಲ. ಎದುರಿನವರು ಕೊನೆಗೆ ಒಂದು ಬುಟ್ಟಿ ಹಾಕಿ ಮತ್ತೆ ಒಂದು ಪಾಯಿಂಟ್ ಮುಂದಾದರು. ಆರು ಸೆಕೆಂಡ್ ಉಳಿದಿತ್ತು. ರುಬೀನಾ ದೂರದಿಂದಲೇ ಎಸೆದಳು. ಚೆಂಡು ಬುಟ್ಟಿಯ ಕಂಬಿಗೆ ಬಡಿದು, ಅದರ ಮೇಲೆ ಒಂದು ಸುತ್ತು ಹೊಡೆದು, ಹೊರಗೆ ಬಿತ್ತು. ಅಷ್ಟರಲ್ಲಿ ಬಜರ್ ಕೂಗಿತು.

ಎದುರಿನವರು ಕುಣಿದರು. ನಮ್ಮವರು ಅತ್ತರು. ರುಬೀನಾ ಮಾತ್ರ ಅಂಗಳದ ನಡುವೆ ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ನಿಂತಿದ್ದಳು, ಬಜರ್ ಕೂಗಿ ಮುಗಿಯುವವರೆಗೂ. ಆಮೇಲೆ ರೆಫರಿ ಉದ್ದಕ್ಕೆ ಸೀಟಿ ಊದಿ ಚೆಂಡನ್ನು ಕಂಕುಳಲ್ಲಿಟ್ಟುಕೊಂಡ. ಆಗ ಅವಳು ನನ್ನ ಕಡೆ ಓಡಿ ಬಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಕೇಳಿದೇನ ಮೈಸೂರ? ಪೂರಾ ಊದಿದ್ರು!"

"ಸೋತ್ವಲ್ಲೇ," ಅಂದೆ. ನನಗೆ ಅಳು ಬರುತ್ತಿತ್ತು.

"ಸೋತ್ವಿ. ಆಡಿ ಸೋತ್ವಿ. ಟಾಸ್ ಹಾಕಿ ಅಲ್ಲ." ಬೆವರಿನ ಕೈಯಿಂದ ನನ್ನ ಜಾಕೆಟ್ಟಿನ ಕಾಲರ್ ಹಿಡಿದು ಅಲ್ಲಾಡಿಸಿದಳು. "ನೀ ಕುಂತಿದ್ದಕ್ಕ ನಾ ನಿಂತೆ."

ಬಸ್ಸಿನಲ್ಲಿ ವಾಪಸು ಹೊರಟೆವು. ಹಡರ್ಸ್‌ಫೀಲ್ಡ್ ಫಲಕ ದಾಟಿದ ಮೇಲೆ ಹೆಲೆನ್ ಕನ್ನಡಿಯಲ್ಲಿ ನನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡಳು. "ನೀನು ಇಳಿದಿದ್ದರೆ ಇನ್ನೂ ಹೀನಾಯವಾಗಿ ಸೋಲ್ತಿದ್ವಿ, ಲವ್," ಅಂದಳು. ಇಡೀ ಬಸ್ಸು ನಕ್ಕಿತು, ನಾನೂ ನಕ್ಕೆ. ಪುದೀನ ಪೆಪ್ಪರಮೆಂಟಿನ ಪೊಟ್ಟಣ ಹಿಂದಕ್ಕೆ ದಾಟಿಸಿದಳು. ಮೊದಲು ರುಬೀನಾಳ ಕೈಗೆ ಕೊಡಿ ಅಂದಳು.

ಹಟ ಮಾಡದಿದ್ದರೆ ಗೆಲ್ಲುತ್ತಿದ್ದಿರೇನೋ ಎಂದು ಈ ಕಥೆ ಕೇಳಿದವರು ಈಗಲೂ ಅನ್ನುತ್ತಾರೆ. ನನ್ನ ಗಂಡನೂ ಅನ್ನುತ್ತಾನೆ. ಅವನು ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ, ಎಲ್ಲದಕ್ಕೂ ಸುಲಭದ ದಾರಿ ಹುಡುಕುತ್ತಾನೆ. ಹಟ ಮಾಡಿದ ಆ ಒಂದು ಸಲ ನಮಗೆ ಎರಡು ಪಾಯಿಂಟ್ ಸಿಕ್ಕಿತ್ತು ಎಂದು ನಾನು ನೆನಪಿಸುತ್ತೇನೆ. ಅದಿರಲಿ, ಪಾಯಿಂಟ್ ಸಿಗದಿದ್ದರೂ ನಾನು ಕೂತೇ ಇರುತ್ತಿದ್ದೆ. ಅವತ್ತಿನ ಮರುದಿನವೇ ಮನೆಯ ರೋಟಾದಿಂದ ನನ್ನ ಎರಡು ಹೆಸರು ಹೊಡೆದುಹಾಕಿದೆ. ಚೀಸ್ ಸಂಘಕ್ಕೆ ರಾಜೀನಾಮೆ ಕೊಟ್ಟೆ, ಅವರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ರುಬೀನಾ ಹುಬ್ಬಳ್ಳಿಗೆ ಹಿಂತಿರುಗಿ, ಕೆಲಸದ ಜೊತೆಗೆ ಬೆಳಗಿನ ಹೊತ್ತು ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಹೋದ ವರ್ಷ ಒಂದು ವಿಡಿಯೋ ಕಳಿಸಿದ್ದಳು. ಹುಡುಗಿಯರ ಫೈನಲ್ ನಡೆಯುತ್ತಿದೆ, ಪಕ್ಕದ ವೇದಿಕೆಯಲ್ಲಿ ಮೈಕು ಹಲೋ ಹಲೋ ಅನ್ನುತ್ತಿದೆ, ಯಾರೋ ಕುರ್ಚಿ ಹೊತ್ತು ಅಂಗಳದ ಗೆರೆಯವರೆಗೂ ಬಂದಿದ್ದಾರೆ. ಗೆರೆಯ ಮೇಲೆ ಇವಳು ನಿಂತಿದ್ದಾಳೆ. "ಸೀಟಿ ಊದೂ ತನಾ ಯಾರ ಬಂದ್ರೂ ಕಾಯ್ಲಿರಿ," ಅನ್ನುವುದು ಕೇಳಿಸುತ್ತದೆ. ಕುರ್ಚಿಗಳು ಹಿಂದಕ್ಕೆ ಹೋಗುತ್ತವೆ.

ಫೋನು ಇನ್ನೂ ಕೈಯಲ್ಲೇ ಇತ್ತು. ಬರೆದ ಎರಡಕ್ಷರವನ್ನು ಅಳಿಸಿದೆ. ನಿಮ್ಮ ಕಾಳಜಿಗೆ ಧನ್ಯವಾದ, ಅವಳು ಆ ಅಭ್ಯಾಸ ಬಿಡುವುದಿಲ್ಲ, ನಾನೂ ಬಿಡಿಸುವುದಿಲ್ಲ, ಮುಂದಿನ ಶನಿವಾರದೊಳಗೆ ಓಡುತ್ತಲೇ ಬೇಗ ಮಾಡುವುದನ್ನು ಕಲಿಸಿ ಕಳಿಸುತ್ತೇನೆ ಎಂದು ಬರೆದೆ. ಸಾರಿ ಎಂದು ಎಲ್ಲೂ ಬರೆಯಲಿಲ್ಲ. ನಗುವ ಮುಖವನ್ನೂ ಅಂಟಿಸಲಿಲ್ಲ.

ತನ್ವಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಆಮ್ ಐ ಇನ್ ಟ್ರಬಲ್, ಅಮ್ಮ?" ಅಂದಳು. ಈ ಮಕ್ಕಳಿಗೆ ಎಲ್ಲ ಹೇಗೋ ತಿಳಿದುಬಿಡುತ್ತದೆ.

"ಇಲ್ಲ ಮಗಳೇ. ಚೆಂಡಿಗೆ ಕಾಲು ತಾಗಿದ್ರೆ ಏನು ಮಾಡ್ತೀಯ, ತೋರಿಸು."

ತೋರಿಸಿದಳು, ಸ್ವಲ್ಪ ಹೆದರಿಕೊಂಡೇ. ನಾನು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಬಂದೆ. ಮನೆಯ ಮುಂದಿನ ಇಳಿಜಾರಿನಲ್ಲಿ ಅವಳನ್ನು ನಿಲ್ಲಿಸಿ, ಎಡಗೈಯಲ್ಲಿ ಚೆಂಡು, ಬಲಗೈ ಕಣ್ಣಿಗೆ, ಕಾಲು ನಿಲ್ಲಬಾರದು ಎಂದು ಹೇಳಿಕೊಟ್ಟೆ. ಮೊದಲ ಸಲ ಚೆಂಡು ಕಾರಿನಡಿಗೆ ಹೋಯಿತು, ಎರಡನೆಯ ಸಲವೂ ಹೋಯಿತು. ಮೂರನೆಯ ಸಲ ಅವಳ ಕೈಯಿಂದ ತಪ್ಪಿ ನೇರ ನನ್ನ ಕಡೆ ಉರುಳಿ ಬಂದು, ನನ್ನ ಬೂಟಿಗೆ ತಾಗಿ ನಿಂತಿತು.

ಎದುರು ಮನೆಯ ಇಂಗ್ಲಿಷ್ ಮುದುಕರು ಬೇಲಿ ಕತ್ತರಿಸುತ್ತಿದ್ದವರು ಕತ್ತರಿ ಹಿಡಿದುಕೊಂಡೇ ನಮ್ಮತ್ತ ನೋಡುತ್ತಿದ್ದರು. ನನ್ನ ಕೈ ಹಳೆಯ ಅಭ್ಯಾಸದಂತೆ ಕೂದಲಿನ ಕಡೆ ಹೊರಟಿತ್ತು, ಅದನ್ನು ತಡೆದೆ. ಬಗ್ಗಿದೆ. ಚೆಂಡನ್ನು ಮುಟ್ಟಿ, ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ, ನಿಧಾನವಾಗಿ ಒತ್ತಿಕೊಂಡೆ. ನೋಡಿದರೆ ನೋಡಲಿ.